‘ಕತ್ತೆ’ ಎಂದು ಬೈಯುವ ಮುನ್ನ

ಮಂಗಳೂರಿನ ಬಂದರು ಪ್ರದೇಶದ ಓಣಿಗಳಲ್ಲಿ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ನಡೆದು ಹೋಗುವುದೇ ಕಷ್ಟ. ಒಂದು ಕಡೆ ಲಾರಿ, ಇನ್ನೊಂದು ಕಡೆ ಕೈಗಾಡಿ, ನಡುವೆ ತಲೆಯ ಮೇಲೆ ಮೂಟೆ ಹೊತ್ತು ಓಡುವ ಆಳುಗಳು. ಇತ್ತೀಚೆಗೆ ಅಡಿಕೆಯ ಧಾರಣೆ ವಿಚಾರಿಸಲೆಂದು ಅತ್ತ ಹೋಗಿದ್ದೆ. ಒಂದು ಅಂಗಡಿಯ ಮುಂದೆ ಕುಚ್ಚಲಕ್ಕಿಯ ಮೂಟೆಗಳನ್ನು ಇಳಿಸುತ್ತಿದ್ದರು. ಹೊರುತ್ತಿದ್ದವರಲ್ಲಿ ಒಬ್ಬರು ವಯಸ್ಸಾದವರು, ಬಯಲುಸೀಮೆಯ ಕಡೆಯವರು. ಅವರು ಮೂಟೆಯನ್ನು ಬಾಗಿಲ ಬಳಿ ಇಳಿಸಿದ್ದೇ ತಡ, ಲೆಕ್ಕ ಬರೆಯಲು ಕುಳಿತಿದ್ದ ಇಪ್ಪತ್ತರ ಹುಡುಗ, “ಏ ಕತ್ತೆ, ಅಲ್ಲಲ್ಲ, ಒಳಗೆ ಹಾಕು!” ಎಂದು ಗದರಿದ.

ಹಿರಿಯರು ಸಿಟ್ಟಾಗಲಿಲ್ಲ. ಹೆಗಲ ಬಟ್ಟೆಯಿಂದ ಮುಖ ಒರಸಿಕೊಂಡು, “ಕತ್ತಿ ಅಂದ್ರ ಏನೂ ಅಡ್ಡಿ ಇಲ್ರಿ ಸಾವಕಾರ್ರ. ಆದ್ರ ಕತ್ತಿಗೆ ಒಮ್ಮೆ ದಾರಿ ತೋರಿಸಿದ್ರ ಸಾಕು, ಮತ್ತ ಮತ್ತ ಹೇಳಬೇಕಾಗಂಗಿಲ್ಲ. ನೀವು ಮೊದಲ ಸರಿಯಾಗಿ ಹೇಳಿದ್ರ ನಾನೂ ಅಲ್ಲೇ ಇಡತಿದ್ದೆ” ಎಂದರು.

ಸುತ್ತ ನಿಂತವರು ನಕ್ಕರು. ಹುಡುಗ ತಲೆ ತಗ್ಗಿಸಿ ಲೆಕ್ಕದ ಪುಸ್ತಕ ನೋಡತೊಡಗಿದ. ಆದರೆ ಆ ಮಾತು ನನ್ನೊಡನೆ ಬಸ್ಸು ಹತ್ತಿ ಊರಿಗೆ ಬಂದಿತು. ಬೈದವನು ಕತ್ತೆಯನ್ನು ಎಂದಾದರೂ ಹತ್ತಿರದಿಂದ ನೋಡಿದ್ದನೋ ಇಲ್ಲವೋ. ಬೈಸಿಕೊಂಡವರಿಗೆ ಅದರ ಗುಣ ಗೊತ್ತಿತ್ತು. ನಾವು ದಿನವೂ ಬಳಸುವ ಈ ಮಾತಿನ ವಿಚಾರವನ್ನು ಒಮ್ಮೆ ಕುಳಿತು ಯೋಚಿಸುವುದು ಒಳ್ಳೆಯದೆಂದು ತೋರಿತು.

ಮಾತು ಬಂದ ದಾರಿ

‘ಕತ್ತೆ’ ಎಂಬುದು ಅಚ್ಚ ಕನ್ನಡದ, ಬಹಳ ಹಳೆಯ ಮಾತು. ಹಳಗನ್ನಡದಲ್ಲಿ ಇದು ‘ಕೞ್ತೆ’ ಎಂದಿತ್ತು. ಈ ‘ೞ’ ಅಕ್ಷರ ಈಗ ನಮ್ಮ ವರ್ಣಮಾಲೆಯಲ್ಲಿಲ್ಲ. ಕಾಸರಗೋಡಿನ ಕಡೆಯ ಮಲಯಾಳಿಗಳು ಮಳೆಗೆ ಹೇಳುವ ಮಾತಿನಲ್ಲಿ, ಕೋಝಿಕ್ಕೋಡು ಎಂಬ ಊರಿನ ಹೆಸರಿನಲ್ಲಿ ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವುದು ಅದೇ ಅಕ್ಷರವನ್ನೇ. ಅವರು ಕತ್ತೆಗೆ ‘ಕೞುದ’ ಎನ್ನುತ್ತಾರೆ, ತಮಿಳರು ‘ಕೞುದೈ’ ಎನ್ನುತ್ತಾರೆ, ತೆಲುಗರು ‘ಗಾಡಿದ’ ಎನ್ನುತ್ತಾರೆ. ತುಳುವಿನಲ್ಲೂ ಕೊಡವ ಭಾಷೆಯಲ್ಲೂ ನಮ್ಮಂತೆಯೇ ‘ಕತ್ತೆ’. ಎಲ್ಲವೂ ಒಂದೇ ಬೇರಿನ ಚಿಗುರುಗಳು.

ರೈತರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ನಮ್ಮ ‘ಗದ್ದೆ’ ಎಂಬ ಮಾತೂ ಹಿಂದೆ ‘ಗೞ್ದೆ’ ಎಂದಿತ್ತು. ‘ಕೞ್ತೆ’ ಸವೆದು ಕತ್ತೆಯಾಯಿತು, ‘ಗೞ್ದೆ’ ಸವೆದು ಗದ್ದೆಯಾಯಿತು. ಸವೆದ ಬಗೆ ಎರಡರದೂ ಒಂದೇ. ದಿನನಿತ್ಯ ದುಡಿಮೆಯಲ್ಲಿ ಬಳಸುವ ಹಾರೆ ಪಿಕ್ಕಾಸುಗಳು ಹೇಗೆ ಸವೆಯುತ್ತವೆಯೋ ಹಾಗೆಯೇ ದುಡಿಯುವವರ ಬಾಯಲ್ಲಿ ಮಾತುಗಳೂ ಸವೆಯುತ್ತವೆ. ಹೀಗೆ ನೋಡಿದರೆ ಕತ್ತೆ ನಮ್ಮ ಗದ್ದೆಯ ಜೊತೆಗಾರನೇ ಸರಿ. ಗದ್ದೆ ಎಂದರೆ ನಮಗೆ ಗೌರವ, ಕತ್ತೆ ಎಂದರೆ ತಿರಸ್ಕಾರ. ಇದು ಮಾತಿನ ದೋಷವಲ್ಲ, ನಮ್ಮ ದೋಷ.

ಮಾತುಗಳ ಇಂಥ ಹಳೆಯ ರೂಪಗಳನ್ನೂ ಜನರ ಬಾಯಲ್ಲಿದ್ದ ಗಾದೆಗಳನ್ನೂ ಒಟ್ಟುಗೂಡಿಸಿದ ದೊಡ್ಡ ಕೆಲಸ ನಡೆದದ್ದು ನಮ್ಮ ಮಂಗಳೂರಿನಲ್ಲೇ. ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಇಲ್ಲಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಪರದೇಶದಿಂದ ಬಂದವರು ವರ್ಷಗಟ್ಟಲೆ ಕುಳಿತು ನಮ್ಮ ಮಾತುಗಳ ಬೇರು ಹುಡುಕಿದರು. ಆಡುವ ನಾವು ಒಂದು ಕ್ಷಣವಾದರೂ ಯೋಚಿಸಬಾರದೇ?

ಒಂದು ಪ್ರಾಣಿಯ ಹೆಸರನ್ನು ಹಿಡಿದು ಎಷ್ಟು ಮಾತುಗಳು ಹುಟ್ಟಿವೆ ನೋಡಿ. ಕುದುರೆಗೂ ಕತ್ತೆಗೂ ಹುಟ್ಟಿದ್ದು ಹೇಸರಗತ್ತೆ. ಹೊಲದಂಚಿನಲ್ಲಿ ಸತ್ತ ದನವನ್ನು ತಿಂದು ಊರನ್ನು ಶುಚಿಯಾಗಿಡುವ ಕಾಡುಮೃಗ ಕತ್ತೆಕಿರುಬ. ಮಿತಿಯಿಲ್ಲದ ದುಡಿಮೆ ಕತ್ತೆ ಚಾಕರಿ. ಬೆಳೆದರೂ ಬುದ್ಧಿ ಬರದ ಮಗನಿಗೆ ಕತ್ತೆಯಷ್ಟು ವಯಸ್ಸು. ಕತ್ತೆ ಇಪ್ಪತ್ತೈದು ಮೂವತ್ತು ವರ್ಷ ಬದುಕಬಲ್ಲ ಪ್ರಾಣಿಯಾದ್ದರಿಂದ ಈ ಕೊನೆಯ ಮಾತಿನಲ್ಲಿ ಲೆಕ್ಕ ತಪ್ಪಿಲ್ಲ!

ಇಂಗ್ಲಿಷರೂ ಇದೇ ಪ್ರಾಣಿಯ ಹೆಸರಿನಿಂದ ಮೂರ್ಖನನ್ನು ಬೈಯುತ್ತಾರೆ. ಅವರಲ್ಲಿ ‘ಆಸ್’ ಎಂಬುದು ಹಳೆಯ ಮಾತು, ‘ಡಾಂಕಿ’ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಬಳಕೆಗೆ ಬಂದದ್ದು. ಆದರೆ ಹಡಗಿನಲ್ಲಿ ಸರಕು ಎತ್ತುವ ಸಣ್ಣ ಯಂತ್ರಕ್ಕೆ ಅವರೇ ‘ಡಾಂಕಿ ಎಂಜಿನ್’ ಎಂದು ಹೆಸರಿಟ್ಟರು. ಗಾತ್ರ ಚಿಕ್ಕದು, ಕೆಲಸ ದೊಡ್ಡದು ಎಂಬ ಅರ್ಥದಲ್ಲಿ. ಹೆಸರಿಡುವವರಿಗೆ ಪ್ರಾಣಿಯ ಗುಣ ಗೊತ್ತಿದ್ದಾಗ ಹೆಸರೂ ಸರಿಯಾಗಿರುತ್ತದೆ.

ಗಾದೆಗಳು ಹೇಳುವುದೇನು?

ಕತ್ತೆಯ ಮೇಲೆ ನಮ್ಮಲ್ಲಿ ಗಾದೆಗಳಿಗೆ ಬರಗಾಲವಿಲ್ಲ. “ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ” ಎಂಬುದು ಎಲ್ಲರ ಬಾಯಲ್ಲಿದೆ. ಇದರ ನೆಂಟನಂತಿರುವ ಒಂದು ಮಾತು ವೈದ್ಯಶಾಸ್ತ್ರದ ಪ್ರಾಚೀನ ಗ್ರಂಥವಾದ ಸುಶ್ರುತ ಸಂಹಿತೆಯಲ್ಲೂ ಇದೆ. ಗಂಧದ ಕೊರಡನ್ನು ಹೊತ್ತ ಕತ್ತೆಗೆ ಭಾರ ಮಾತ್ರ ತಿಳಿಯುತ್ತದೆ, ಗಂಧ ತಿಳಿಯುವುದಿಲ್ಲ. ಅರ್ಥ ತಿಳಿಯದೆ ಶಾಸ್ತ್ರ ಓದಿದವನೂ ಹಾಗೆಯೇ ಎಂಬುದು ಅದರ ಭಾವ.

ವಿದ್ಯಾರ್ಥಿಗೆ ಇದು ಒಳ್ಳೆಯ ಬುದ್ಧಿಮಾತು. ಆದರೆ ಕೃಷಿಕನ ಕಣ್ಣಿನಿಂದ ನೋಡಿದರೆ ಬೇರೊಂದು ಅರ್ಥವೂ ಹೊಳೆಯುತ್ತದೆ. ಹೊತ್ತವನ ಪಾಲಿಗೆ ಭಾರ, ಪೂಸಿಕೊಂಡವನ ಪಾಲಿಗೆ ಪರಿಮಳ. ಹೊತ್ತದ್ದರಲ್ಲಿ ಒಂದು ಚೂರನ್ನೂ ಕೊಡದೆ, ಅದಕ್ಕೆ ಪರಿಮಳ ತಿಳಿಯದು ಎಂದು ಹೀಯಾಳಿಸುವುದು ಯಾವ ನ್ಯಾಯ? ಕಾಳುಮೆಣಸನ್ನು ಬೆಳೆದವನಿಗೆ ಬಳ್ಳಿಯ ರೋಗ, ಕೊಯ್ಲಿನ ಕೂಲಿ, ಏಣಿಯಿಂದ ಬೀಳುವ ಭಯ. ಅದರ ರುಚಿ ಎಲ್ಲೋ ದೂರದ ಪೇಟೆಯವರಿಗೆ. ಆ ಗಾದೆಯನ್ನು ನಾವೇ ಆಡಿ ನಗುವಾಗ ಯಾರನ್ನು ನೋಡಿ ನಗುತ್ತಿದ್ದೇವೆ ಎಂಬ ಎಚ್ಚರ ಬೇಕು.

“ಕಾರ್ಯವಾಸಿ ಕತ್ತೆ ಕಾಲು ಹಿಡಿ” ಎಂಬ ಇನ್ನೊಂದು ಗಾದೆ ಇದೆ. ಕೆಲಸ ಆಗುವ ತನಕ ಕಾಲು ಹಿಡಿಯುವುದು, ಆಮೇಲೆ ಮರೆಯುವುದು ಮನುಷ್ಯನ ಗುಣ. ಇಲ್ಲಿ ಕತ್ತೆಯ ತಪ್ಪೇನೂ ಇಲ್ಲ.

ಪಂಚತಂತ್ರದಲ್ಲಿ ಬರುವ, ಹುಲಿಯ ಚರ್ಮ ಹೊದ್ದ ಕತ್ತೆಯ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಅಗಸನೊಬ್ಬ ತನ್ನ ಬಡಕಲು ಕತ್ತೆಗೆ ಹುಲಿಯ ಚರ್ಮ ಹೊದಿಸಿ ರಾತ್ರಿ ಪರರ ಹೊಲಕ್ಕೆ ಮೇಯಲು ಬಿಡುತ್ತಾನೆ. ರೈತರು ಹೆದರಿ ಹತ್ತಿರ ಹೋಗುವುದಿಲ್ಲ. ಒಂದು ದಿನ ದೂರದಲ್ಲಿ ಇನ್ನೊಂದು ಕತ್ತೆಯ ಕೂಗು ಕೇಳಿ ಇದೂ ಅರಚುತ್ತದೆ, ಗುಟ್ಟು ರಟ್ಟಾಗುತ್ತದೆ, ಪೆಟ್ಟು ತಿಂದು ಸಾಯುತ್ತದೆ. ಮೂರ್ಖ ಬಾಯಿ ಬಿಟ್ಟು ಕೆಟ್ಟ ಎಂದು ಮೇಷ್ಟರು ನೀತಿ ಹೇಳಿದರು. ಆದರೆ ದುಡಿಸಿಕೊಂಡ ಪ್ರಾಣಿಗೆ ಮೇವು ಹಾಕದೆ ಕಳ್ಳತನಕ್ಕೆ ಅಟ್ಟಿದವನು ಯಾರು? ನಷ್ಟವಾದದ್ದು ಹೊಲದ ರೈತನಿಗೆ, ಪ್ರಾಣ ಹೋದದ್ದು ಕತ್ತೆಗೆ. ಚರ್ಮ ಹೊದಿಸಿದವನ ಹೆಸರು ಬೈಗುಳವಾಗಲಿಲ್ಲ, ಮೇಯಲು ಹೋದದ್ದರ ಹೆಸರು ಬೈಗುಳವಾಯಿತು.

ತಪ್ಪು ಮಾಡಿದವನ ತಲೆ ಬೋಳಿಸಿ ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡುವ ಶಿಕ್ಷೆಯೂ ಹಿಂದೆ ಇತ್ತು. ಅಲ್ಲಿಯೂ ಹೊತ್ತದ್ದು ಕತ್ತೆಯೇ. ಹೀಗೆ ಅವಮಾನಕ್ಕೆ ಬಳಸುವ ನಾವೇ, ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಊರುಗಳಲ್ಲಿ ಗಂಡುಕತ್ತೆಗೂ ಹೆಣ್ಣುಕತ್ತೆಗೂ ಬಾಸಿಂಗ ಕಟ್ಟಿ ಮದುವೆ ಮಾಡುತ್ತೇವೆ. ಬೆಳಗ್ಗೆ ಎದ್ದು ನೋಡಿದರೆ ಅದೃಷ್ಟ ಬರುತ್ತದೆಂದು ಕತ್ತೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇವೆ. ಬೇಕಾದಾಗ ದೇವರ ಸಮಾನ, ಬೇಡವಾದಾಗ ಬೈಗುಳ. ನಡುವೆ ನಿಜವಾದ ಪ್ರಾಣಿಯನ್ನು ನೋಡುವವರು ಕಡಿಮೆ.

ಪ್ರಾಣಿಯ ನಿಜ ಸ್ವಭಾವ

ನಮ್ಮ ಕರಾವಳಿಯಲ್ಲಿ ಕತ್ತೆ ಮೊದಲಿನಿಂದಲೂ ಅಪರೂಪ. ಅದಕ್ಕೆ ಕಾರಣವೂ ಇದೆ. ಕತ್ತೆ ಮೂಲತಃ ಆಫ್ರಿಕದ ಒಣನೆಲದ ಪ್ರಾಣಿ. ಸುಮಾರು ಏಳು ಸಾವಿರ ವರ್ಷಗಳ ಹಿಂದೆ ಪೂರ್ವ ಆಫ್ರಿಕದಲ್ಲಿ ಮನುಷ್ಯ ಅದನ್ನು ಪಳಗಿಸಿದನೆಂದು 2022ರಲ್ಲಿ ಪ್ರಕಟವಾದ ವಂಶವಾಹಿ ಸಂಶೋಧನೆ ತಿಳಿಸಿದೆ. ಅದರ ರೋಮ ಕುದುರೆಯ ರೋಮದಂತೆ ಮಳೆನೀರನ್ನು ತಡೆಯುವುದಿಲ್ಲ. ಕೆಸರಿನಲ್ಲಿ ನಿಂತರೆ ಗೊರಸು ಕೊಳೆಯುತ್ತದೆ. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಂಥಲ್ಲಿ ಆಟಿ ತಿಂಗಳನ್ನು ಅದು ಬಯಲಲ್ಲಿ ಕಳೆಯುವುದು ಹೇಗೆ? ಇಲ್ಲಿ ಹೊರೆಯನ್ನು ಎತ್ತು ಎಳೆಯಿತು, ಇಲ್ಲವೇ ಮನುಷ್ಯನೇ ತಲೆಯ ಮೇಲೆ ಹೊತ್ತ. ಹೀಗಾಗಿ ನಮಗೆ ಕತ್ತೆಗಿಂತ ಮೊದಲು ಕತ್ತೆಯ ಬೈಗುಳ ಪರಿಚಯವಾಯಿತು.

ಘಟ್ಟದ ಮೇಲೆ ಹಾಗಲ್ಲ. ಬಟ್ಟೆಯ ಗಂಟು, ಮಡಕೆಯ ಮಣ್ಣು, ಕೆರೆಯ ಹೂಳು, ಮನೆ ಕಟ್ಟುವ ಇಟ್ಟಿಗೆ, ಕುರಿಗಾರರ ಸಂಸಾರದ ಸರಂಜಾಮು ಎಲ್ಲವನ್ನೂ ಅದು ಹೊತ್ತಿದೆ. ಇಂದು ನಾಲೆಯೆಂದು ಹೊಗಳುವ, ಕೆರೆಯೆಂದು ಪೂಜಿಸುವ ಎಷ್ಟೋ ಕಡೆ ಅದರ ಬೆನ್ನಿನ ಪಾಲು ಇದೆ. ಆ ಕೆಲಸ ಮಾಡಿದ ಜನರನ್ನೂ ಸಮಾಜ ಕೀಳಾಗಿ ಕಂಡಿತು, ಅವರ ಪ್ರಾಣಿಯನ್ನೂ ಕೀಳಾಗಿ ಕಂಡಿತು. ಬೈಗುಳದ ಬೇರು ಇರುವುದು ಇಲ್ಲಿ.

ಮೊಂಡುತನ ಎಂಬುದು ಕತ್ತೆಯ ಮೇಲಿನ ದೊಡ್ಡ ಆರೋಪ. ಅಪಾಯದ ಸುಳಿವು ಸಿಕ್ಕರೆ ಕುದುರೆ ಓಡುತ್ತದೆ, ಕತ್ತೆ ನಿಲ್ಲುತ್ತದೆ. ನಿಂತು ನೋಡಿ, ದಾರಿ ಸುರಕ್ಷಿತವೆಂದು ಖಾತ್ರಿಯಾದ ಮೇಲೆಯೇ ಹೆಜ್ಜೆ ಇಡುತ್ತದೆ. ಹೊಡೆದಷ್ಟೂ ಅದರ ಅನುಮಾನ ಹೆಚ್ಚುತ್ತದೆ. ಇದನ್ನು ಅರಿಯದವರು ಮೊಂಡು ಎಂದರು. ನೋವನ್ನು ತೋರಿಸಿಕೊಳ್ಳದಿರುವುದು ಅದರ ಇನ್ನೊಂದು ಸ್ವಭಾವ. ಹೊಟ್ಟೆನೋವು ಬಂದರೂ ಕಾಲು ನೋವಾದರೂ ಸುಮ್ಮನೆ ನಿಂತಿರುತ್ತದೆ. ಇದನ್ನು ದಡ್ಡತನ ಎಂದರು. ಒರಟು ಹುಲ್ಲಿನಲ್ಲೇ ಬದುಕುತ್ತದೆ, ಕಂಡ ದಾರಿಯನ್ನು ಮರೆಯುವುದಿಲ್ಲ. ಬಂದರಿನ ಆ ಹಿರಿಯರು ಹೇಳಿದ್ದು ನೂರಕ್ಕೆ ನೂರು ನಿಜ.

ಹೊರೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು 1965ರಲ್ಲಿ ಕೇಂದ್ರ ಸರಕಾರ ನಿಯಮಗಳನ್ನು ಮಾಡಿತು. ಅದರ ಪ್ರಕಾರ ಒಂದು ಕತ್ತೆಯ ಬೆನ್ನ ಮೇಲೆ 50 ಕಿಲೋಗ್ರಾಮಿಗಿಂತ ಹೆಚ್ಚು ಹೇರಬಾರದು. ಅಂಗಡಿಯ ಮುಂದೆ ಆ ಹಿರಿಯರು ಹೊತ್ತ ಕುಚ್ಚಲಕ್ಕಿಯ ಮೂಟೆಯ ತೂಕವೂ 50 ಕಿಲೋ. ಕಾನೂನು ಕತ್ತೆಗೆ ಎಲ್ಲಿ ಗೆರೆ ಎಳೆಯಿತೋ ಅಷ್ಟನ್ನು ಒಬ್ಬ ಮನುಷ್ಯ ಎರಡೇ ಕಾಲಿನಲ್ಲಿ ನಿಂತು, ದಿನಕ್ಕೆ ಎಷ್ಟೋ ಸಲ ಹೊರುತ್ತಾನೆ. ಅವನನ್ನು ‘ಕತ್ತೆ’ ಎಂದು ಕರೆಯಲು, ಪೆನ್ನಿಗಿಂತ ಭಾರವಾದುದನ್ನು ಎತ್ತದವನಿಗೆ ಬಾಯಿ ಬರುವುದಾದರೂ ಹೇಗೆ?

ತಿರಸ್ಕಾರವೂ ಕೆಟ್ಟದ್ದು, ಅತಿ ಹೊಗಳಿಕೆಯೂ ಕೆಟ್ಟದ್ದು

ದೇಶದಲ್ಲಿ ಕತ್ತೆಗಳು ಕರಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 3.2 ಲಕ್ಷ ಇದ್ದವು 2019ರ ಗಣತಿಯಲ್ಲಿ ಸುಮಾರು 1.2 ಲಕ್ಷಕ್ಕೆ ಇಳಿದವು. ಏಳು ವರ್ಷಗಳಲ್ಲಿ ಶೇಕಡಾ 61ರ ಇಳಿಕೆ. ಕರ್ನಾಟಕದಲ್ಲಿ ಸುಮಾರು 16 ಸಾವಿರ ಇದ್ದದ್ದು 9 ಸಾವಿರವಾಯಿತು. ಟೆಂಪೋ, ಟ್ರಾಕ್ಟರು, ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ಅದಕ್ಕೆ ಕೆಲಸವಿಲ್ಲದಾಯಿತು. ಹೊರದೇಶಗಳಲ್ಲಿ ಚೀನದ ಒಂದು ಬಗೆಯ ಔಷಧಕ್ಕಾಗಿ ಲಕ್ಷಗಟ್ಟಲೆ ಕತ್ತೆಗಳ ಚರ್ಮ ಸುಲಿಯಲಾಗುತ್ತಿದೆ. ಇದನ್ನು ಕಂಡು 2024ರ ಫೆಬ್ರವರಿಯಲ್ಲಿ ಆಫ್ರಿಕ ಖಂಡದ ರಾಷ್ಟ್ರಗಳ ಒಕ್ಕೂಟವು ಚರ್ಮಕ್ಕಾಗಿ ಕತ್ತೆ ಕೊಲ್ಲುವುದನ್ನು ನಿಲ್ಲಿಸಲು ತೀರ್ಮಾನಿಸಬೇಕಾಯಿತು. ಮಾತು ಉಳಿದು ಪ್ರಾಣಿ ಅಳಿಯುವ ಕಾಲ ಬಂದಿದೆ.

ಇಂಥ ಸಮಯದಲ್ಲಿ ನಮ್ಮ ಜಿಲ್ಲೆಯಲ್ಲೇ ಒಂದು ಹೊಸ ಪ್ರಯತ್ನ ನಡೆಯಿತು. ಬಂಟ್ವಾಳ ತಾಲೂಕಿನ ಇರಾ ಗ್ರಾಮದಲ್ಲಿ 2022ರ ಜೂನ್ 8ರಂದು ಇಪ್ಪತ್ತು ಕತ್ತೆಗಳೊಂದಿಗೆ ಒಂದು ಸಾಕಣೆ ಕೇಂದ್ರ ಆರಂಭವಾಯಿತು. ಆರಂಭಿಸಿದವರು ಕಂಪ್ಯೂಟರ್ ಕಂಪನಿಯ ಉದ್ಯೋಗ ಬಿಟ್ಟು ಬಂದವರು. ಕತ್ತೆ ಸಾಕುತ್ತೇನೆ ಎಂದಾಗ ಅನೇಕರು ನಕ್ಕರಂತೆ. ಹಸು ಸಾಕುತ್ತೇನೆ, ಆಡು ಸಾಕುತ್ತೇನೆ ಎಂದಿದ್ದರೆ ಯಾರೂ ನಗುತ್ತಿರಲಿಲ್ಲ. ನಗು ಬಂದದ್ದು ಆ ಯೋಜನೆಯ ಲೆಕ್ಕಾಚಾರವನ್ನು ನೋಡಿ ಅಲ್ಲ, ಆ ಒಂದು ಹೆಸರನ್ನು ಕೇಳಿ. ಒಂದು ಮಾತು ನಮ್ಮ ಬುದ್ಧಿಗೆ ಎಷ್ಟು ದೊಡ್ಡ ಕಟ್ಟೆ ಕಟ್ಟಬಲ್ಲದು ಎಂಬುದಕ್ಕೆ ಇದೇ ಸಾಕ್ಷಿ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. 2024ರಲ್ಲಿ ವಿಜಯನಗರ ಜಿಲ್ಲೆಯ ಹೊಸಪೇಟೆಯಲ್ಲಿ, ಕತ್ತೆ ಕೊಂಡು ಸಾಕಿದರೆ ಹಾಲನ್ನು ಲೀಟರಿಗೆ ಸಾವಿರಾರು ರೂಪಾಯಿಯಂತೆ ತಾವೇ ಕೊಳ್ಳುತ್ತೇವೆಂದು ನಂಬಿಸಿ, ಲಕ್ಷಗಟ್ಟಲೆ ಹಣ ಪಡೆದು ವಂಚಿಸಿದರೆಂದು ಅನೇಕ ರೈತರು ಪೊಲೀಸರಿಗೆ ದೂರು ಕೊಟ್ಟರು. ನಿನ್ನೆಯವರೆಗೆ ಕತ್ತೆ ಎಂದರೆ ಮೂಗು ಮುರಿಯುತ್ತಿದ್ದವರಿಗೆ ಒಮ್ಮೆಲೇ ಅದು ಕಾಮಧೇನುವಾಗಿ ಕಂಡಿತು. ಬೈಯುವಾಗಲೂ ಪ್ರಾಣಿಯನ್ನು ಅರಿತಿರಲಿಲ್ಲ, ಹೊಗಳುವಾಗಲೂ ಅರಿಯಲಿಲ್ಲ. ನಷ್ಟ ಮಾತ್ರ ರೈತನದಾಯಿತು.

ಅರಿತಿದ್ದರೆ ಸರಳ ಲೆಕ್ಕ ಹಾಕಬಹುದಿತ್ತು. ಕತ್ತೆ ಗರ್ಭ ಧರಿಸಿ ಮರಿ ಹಾಕಲು ಸುಮಾರು ಹನ್ನೆರಡು ತಿಂಗಳು ಬೇಕು. ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ಮರಿ ಜೊತೆಗಿಲ್ಲದಿದ್ದರೆ ಹಾಲು ಸೊರೆಯುವುದು ಕಷ್ಟ. ಮರಿ ಕುಡಿದು ಉಳಿಯುವುದು ದಿನಕ್ಕೆ ಅರ್ಧ ಲೀಟರಿನ ಆಸುಪಾಸು, ಬಹಳವಾದರೆ ಒಂದು ಲೀಟರು. ಆ ಹಾಲಿನಲ್ಲಿ ಕೊಬ್ಬು ಕಡಿಮೆ, ಅದು ತಾಯಿಯ ಹಾಲನ್ನು ಹೆಚ್ಚು ಹೋಲುತ್ತದೆ ಎಂಬುದು ನಿಜ. ಸೌಂದರ್ಯ ಸಾಧನಗಳಲ್ಲಿ ಬಳಕೆ ಇದೆ ಎಂಬುದೂ ನಿಜ. ಆದರೆ ಸಂಜೆ ಕೊಂಡುಹೋಗಿ ಸುರಿಯಲು ನಮ್ಮೂರ ಹಾಲಿನ ಸೊಸೈಟಿಯಲ್ಲಿ ಅದಕ್ಕೆ ಕ್ಯಾನ್ ಇಲ್ಲ. ಕೊಳ್ಳುವವನು ಒಬ್ಬನೇ ಆದರೆ ಬೆಲೆ ಅವನ ಬಾಯಿಮಾತು. 2003–04ರ ಸುಮಾರಿಗೆ ವೆನಿಲ್ಲಾದ ಹಸಿ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದದ್ದನ್ನೂ, ಕೆಲವೇ ವರ್ಷಗಳಲ್ಲಿ ಕೊಯ್ಯುವ ಕೂಲಿಯೂ ಹುಟ್ಟದಂತೆ ಬೆಲೆ ಕುಸಿದದ್ದನ್ನೂ ಕರಾವಳಿಯ ಕೃಷಿಕರು ಇನ್ನೂ ಮರೆತಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತು ತಾಯಂದಿರಿಗೆ. ಕತ್ತೆಯನ್ನು ಬೀದಿಬೀದಿಗೆ ಅಟ್ಟಿಕೊಂಡು ಬಂದು, ಕೂಸಿಗೆ ಕೆಮ್ಮು ದಮ್ಮು ಹೋಗುತ್ತದೆಂದು ಒಂದು ಒಳಲೆ ಹಾಲಿಗೆ ದೊಡ್ಡ ಬೆಲೆ ಕೇಳುವವರಿದ್ದಾರೆ. ಮೊದಲ ಆರು ತಿಂಗಳು ಕೂಸಿಗೆ ಎದೆಹಾಲೊಂದೇ ಸಾಕೆಂದು ವೈದ್ಯರು ಹೇಳುತ್ತಾರೆ. ಕಾಯಿಸದ ಹಾಲು ಯಾವ ಪ್ರಾಣಿಯದಾದರೂ ಎಳೆಯ ಕೂಸಿಗೆ ಅಪಾಯವೇ. ಇದರಲ್ಲಿ ಕತ್ತೆಯ ತಪ್ಪಿಲ್ಲ, ಆದರೆ ನಂಬುವವರ ಜವಾಬ್ದಾರಿ ಇದೆ.

ನಾವು ಮಾಡಬೇಕಾದದ್ದು

ಒಂದು ಬೈಗುಳವನ್ನು ಬಿಟ್ಟರೆ ಬೆಳೆ ಹೆಚ್ಚುತ್ತದೆಯೇ ಎಂದು ಯಾರಾದರೂ ಕೇಳಬಹುದು. ಅಡಿಕೆ ಸುಲಿಯಲು, ಕೊಳೆರೋಗದ ಮದ್ದು ಬಿಡಲು, ಗದ್ದೆಗೆ ಗೊಬ್ಬರ ಹೊರಲು ಜನ ಸಿಗುವುದಿಲ್ಲ ಎಂದು ಪ್ರತಿದಿನವೂ ಗೊಣಗುತ್ತೇವೆ. ಮಕ್ಕಳು ಪೇಟೆ ಸೇರಿದರು, ತೋಟ ನೋಡುವವರಿಲ್ಲ ಎಂದು ಕೊರಗುತ್ತೇವೆ. ಅದೇ ಮಕ್ಕಳಿಗೆ ಚಿಕ್ಕಂದಿನಲ್ಲಿ ನಾವು ಹೇಳಿಕೊಟ್ಟದ್ದೇನು? “ಓದದಿದ್ದರೆ ಕತ್ತೆಯ ಹಾಗೆ ಮಣ್ಣು ಹೊರಬೇಕಾದೀತು” ಎಂದು. ಮಣ್ಣು ಹೊರುವುದು ನೀಚ ಕೆಲಸ ಎಂಬುದನ್ನು ನಾವೇ ಅವರ ಕಿವಿಯಲ್ಲಿ ಊದಿದೆವು. ಅವರು ನಂಬಿ ಹೋದರು. ಬೈಗುಳದ ಬೆಲೆ ಹೀಗೆ ನಮ್ಮ ಹಟ್ಟಿಯಲ್ಲೂ ತೋಟದಲ್ಲೂ ಕಾಣುತ್ತಿದೆ.

ಕತ್ತೆಯನ್ನು ಪೂಜಿಸಬೇಕಾಗಿಲ್ಲ, ಎಲ್ಲರೂ ಸಾಕಲು ಹೊರಡಬೇಕಾಗಿಯೂ ಇಲ್ಲ. ಸಾಕುವ ಮನಸ್ಸಿದ್ದವರು ಮೊದಲು ಪಶುವೈದ್ಯರನ್ನು ಕೇಳಲಿ, ಮಳೆಗಾಲಕ್ಕೆ ಒಣಗಿದ ನೆಲದ ಕೊಟ್ಟಿಗೆ ಕಟ್ಟಲಿ, ಕೊಳ್ಳುವವರು ಯಾರೆಂದು ಬರಹದಲ್ಲಿ ಖಾತ್ರಿ ಮಾಡಿಕೊಳ್ಳಲಿ. ಉಳಿದವರು ಒಂದು ಸಣ್ಣ ಕೆಲಸ ಮಾಡಿದರೆ ಸಾಕು. ಮುಂದಿನ ಸಲ ತಪ್ಪು ಮಾಡಿದ ಆಳಿನ ಮೇಲೋ, ಲೆಕ್ಕ ತಪ್ಪಿದ ಮಗನ ಮೇಲೋ ಆ ಮಾತು ನಾಲಗೆಯ ತುದಿಗೆ ಬಂದಾಗ ಒಂದು ಕ್ಷಣ ತಡೆಯೋಣ. ಹೇಳಬೇಕಾದುದನ್ನು ಮೊದಲೇ ಸರಿಯಾಗಿ ಹೇಳಿದ್ದೆವೇ ಎಂದು ಕೇಳಿಕೊಳ್ಳೋಣ. ಎಷ್ಟೋ ಸಲ ತಪ್ಪು ದಾರಿ ನಡೆದವನದಲ್ಲ, ದಾರಿ ತೋರಿಸಿದವನದಾಗಿರುತ್ತದೆ.

ಬಂದರಿನ ಆ ಹಿರಿಯರು ಮಾತು ಮುಗಿಸಿ ಮತ್ತೆ ಮೂಟೆಗೆ ಹೆಗಲು ಕೊಟ್ಟು ಒಳಗೆ ಹೋದರು. ಈ ಸಲ ಎಲ್ಲಿ ಇಡಬೇಕೆಂದು ಆ ಹುಡುಗ ಎದ್ದು ನಿಂತು ತೋರಿಸಿದ.